ಅಮ್ಮನ ಜೊತೆ ಕಾಶಿಗೆ ಹೊರಟಿದ್ದೇನೆ, ಬೀದಿ ತಿಂಡಿ ತಿನ್ನಬಹುದಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಹೋಗುತ್ತಿದ್ದೇವೆ. ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ನನಗೆ ಕಚೋರಿ, ಚಾಟ್ ಆಸೆ. ಹೋಗಿ ಬಂದವರು ಹೇಳಿ.

ದಾವಣಗೆರೆ ಸೊಸೆ: ನಾವು ಜಂಗಮವಾಡಿ ಮಠದಲ್ಲಿ ಉಳಿದಿದ್ದೆವು. ವಿಶ್ವನಾಥನ ದರ್ಶನ ಆಗುವ ತನಕ ಅತ್ತೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಆಮೇಲೆ ಗೋದೌಲಿಯಾದಲ್ಲಿ ಕಚೋರಿ ತಿಂದರು. ಪಲ್ಯದ ಸಾಸಿವೆ ಎಣ್ಣೆ ಒಗ್ಗಲಿಲ್ಲ, ರಾತ್ರಿಯೆಲ್ಲ ವಾಂತಿ. ಡಾಕ್ಟರ್‌ಗೆ 500, ಡ್ರಿಪ್‌ಗೆ 1,200, ಮಾತ್ರೆಗೆ 340, ಇ-ರಿಕ್ಷಾಗೆ 200. ಸಾರನಾಥಕ್ಕೆ ಆಟೋದವನಿಗೆ ಕೊಟ್ಟಿದ್ದ ಮುಂಗಡ 800 ಹೋಗೇ ಹೋಯಿತು. ತಿನ್ನಲೇಬೇಡಿ.

ಮೈಸೂರು ಮೇಷ್ಟ್ರು: ಎಣ್ಣೆಯನ್ನು ಯಾಕೆ ಬೈತೀರಿ? ಅಷ್ಟು ಹೊತ್ತು ಉಪವಾಸ ಇದ್ದವರಿಗೆ ಕರಿದದ್ದು ಕೊಟ್ಟರೆ ಎಲ್ಲಾದರೂ ಅಷ್ಟೇ. ನಾನು ಜಿಲೇಬಿ ತಿಂದೇ ಸಾಲಿಗೆ ನಿಂತೆ. ಶಿವನೇ ಅನ್ನಪೂರ್ಣೆಯ ಮುಂದೆ ಭಿಕ್ಷೆಗೆ ನಿಂತ ಊರದು. ಚಳಿಗಾಲಕ್ಕೆ ಹೋಗಿ ಮಲೈಯೋ ತಿನ್ನದೆ ಬರುವುದುಂಟಾ? ರಾತ್ರಿಯೆಲ್ಲ ಹಾಲನ್ನು ಇಬ್ಬನಿಗೆ ಇಟ್ಟು, ಬೆಳಿಗ್ಗೆ ಕಡೆದು ನೊರೆ ತೆಗೆಯುತ್ತಾರೆ. ಕೇಸರಿ, ಏಲಕ್ಕಿ, ಮೇಲೆ ಪಿಸ್ತಾ. ಬಾಯಲ್ಲಿಟ್ಟರೆ ಸಿಹಿ ಮಾತ್ರ ಉಳಿಯುತ್ತದೆ, ನೊರೆ ಇರುವುದಿಲ್ಲ. ತಿಂದಾದ ಮೇಲೆ ಅದೇ ಮಣ್ಣಿನ ಕುಡಿಕೆಗೆ ಕೇಸರಿ ಹಾಲು ಸುರಿಯುತ್ತಾರೆ. ಬಿಸಿಲೇರುವುದರೊಳಗೆ ಹೋಗಿ.

ದಾವಣಗೆರೆ ಸೊಸೆ: ಅತ್ತೆಗೆ 72 ವರ್ಷ. ಅವರ ವ್ರತದ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಧಾರವಾಡದ ಅಕ್ಕ: ಇಬ್ಬರೂ ಸುಮ್ನಿರಿ. ನಾವು ಮಧ್ಯಾಹ್ನ ಅನ್ನಪೂರ್ಣಾ ಮಂದಿರದ ಅನ್ನಕ್ಷೇತ್ರದಲ್ಲಿ ಉಂಡೆವು. ಟೊಮೆಟೊ ಚಾಟ್‌ಗೆ ಈರುಳ್ಳಿ ಹಾಕುತ್ತಾರಾ ಅಂತ ಅಂಗಡಿಯಲ್ಲೇ ಕೇಳಿ. ಬೇಡ ಅಂದರೂ ಒಬ್ಬ ಅದೇ ಸೌಟು ಅದ್ದಿದ. 60 ರೂಪಾಯಿ ಕೊಟ್ಟು ಅಲ್ಲೇ ಬಿಟ್ಟು ಬಂದೆ. ತಿನ್ನುವುದು ಇರಲಿ, ಕಾಶಿಯಲ್ಲಿ ಏನು ಬಿಡುತ್ತೀರಿ ಅದನ್ನು ಮೊದಲು ಯೋಚಿಸಿ. ನಾನು ಹಾಗಲಕಾಯಿ ಬಿಟ್ಟೆ.

ಮೈಸೂರು ಮೇಷ್ಟ್ರು: ಹಾಗಲಕಾಯಿನಾ? ಇಷ್ಟದ್ದನ್ನು ಬಿಡಬೇಕು ಅಲ್ವಾ? ನಾನು ಮಾವಿನಹಣ್ಣು ಬಿಟ್ಟೆ.

ಧಾರವಾಡದ ಅಕ್ಕ: ನನಗೆ ಇಷ್ಟವಿಲ್ಲ ಅಂತ ನಿಮಗೆ ಯಾರು ಹೇಳಿದರು? ಅವ್ವ ಮಾಡುತ್ತಿದ್ದ ಹಾಗಲಕಾಯಿ ಗೊಜ್ಜಿಗೆ ನಾನು ಎರಡು ರೊಟ್ಟಿ ಜಾಸ್ತಿ ತಿನ್ನುತ್ತಿದ್ದೆ. ಅವರ ಅಸ್ಥಿ ಗಂಗೆಗೆ ಬಿಟ್ಟ ದಿನವೇ ಅದನ್ನೂ ಬಿಟ್ಟೆ.

ದಾವಣಗೆರೆ ಸೊಸೆ: ಮೇಷ್ಟ್ರೇ, ಈಗ ಅವರ ವ್ರತಕ್ಕೂ ಕೈ ಹಾಕಿದಿರಾ?

ಮೈಸೂರು ಮೇಷ್ಟ್ರು: ಅಕ್ಕನವರ ಮಾತು ಒಪ್ಪಿದೆ. ನಿಮ್ಮದನ್ನಲ್ಲ. ಕಚೋರಿಯದೇನೂ ತಪ್ಪಿಲ್ಲ.