ಸಾಲಿಗ್ರಾಮದ ಬಿರುಕಿನಲ್ಲಿ ಬಿಳಿ ಪುಡಿ: ಅಮೋನೈಟ್ ಕೆಡುತ್ತಿದೆಯೇ?

ಕಡಲತಡಿ:
ಉಡುಪಿಯ ಹವೆ. ಮುಷ್ಟಿಗಾತ್ರದ ಕಪ್ಪು ಸಾಲಿಗ್ರಾಮ, 420 ಗ್ರಾಂ. ಬಾಯಿಯ ಒಳಗೆ ಚಕ್ರ, ಅದರ ಗೆರೆಗಳಲ್ಲಿ ಅಲ್ಲಲ್ಲಿ ಚಿನ್ನದ ಬಣ್ಣದ ಚುಕ್ಕಿ. ಚಕ್ರ ಅಮೋನೈಟಿನದು, ಅಂದರೆ ಅಳಿದುಹೋದ ಸುರುಳಿ ಚಿಪ್ಪಿನ ಕಡಲಪ್ರಾಣಿಯ ಪಳೆಯುಳಿಕೆ ಎಂಬುದು ಗೊತ್ತು. ಮಳೆಗಾಲ ಹಿಡಿದ ಮೇಲೆ ಬಿರುಕಿನಿಂದ ಬಿಳಿ-ಹಳದಿ ಪುಡಿ ಬರುತ್ತಿದೆ, ಒರೆಸಿದರೂ ಮತ್ತೆ ಬರುತ್ತದೆ. ಇದು ಅಭಿಷೇಕದ ನೀರಿನ ಸುಣ್ಣವೋ, ಕಲ್ಲೇ ಕೆಡುತ್ತಿದೆಯೋ? ಜೊತೆಗೆ, ಕಲ್ಲಿಗೆ ಪೆಟ್ಟಾಗದಂತೆ ಅಸಲಿಯೋ ನಕಲಿಯೋ ನೋಡುವ ದಾರಿ ಇದ್ದರೆ ತಿಳಿಸಿ.

ಶಿಲಾಪುಟ:
ಆ ಚಿನ್ನದ ಚುಕ್ಕಿಯೇ ಪುಡಿಯ ಮೂಲ ಇರಬೇಕು. ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ನೇಪಾಳದ ಕಾಳಿ ಗಂಡಕಿ ನದಿಯ ಸಾಲಿಗ್ರಾಮಗಳು, ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಟೆಥಿಸ್ ಸಮುದ್ರದ ತಳದ ಕಪ್ಪು ಕೆಸರಿನಲ್ಲಿ, ಜುರಾಸಿಕ್ ಯುಗದ ಕೊನೆಯ ಹೊತ್ತಿಗೆ, ಸತ್ತ ಅಮೋನೈಟಿನ ಸುತ್ತ ಖನಿಜ ಕಟ್ಟಿಕೊಂಡು ಆದ ಉಂಡೆಗಳು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಮಾಂಸ ಕೊಳೆಯುವಾಗ ಪೈರೈಟ್ ಹುಟ್ಟುತ್ತದೆ. ಈಗ ಗಾಳಿಯೂ ತೇವವೂ ಸಿಕ್ಕಿದರೆ ಅದೇ ಪೈರೈಟ್ ಕಬ್ಬಿಣದ ಸಲ್ಫೇಟ್ ಆಗಿ, ಜೊತೆಗೆ ಗಂಧಕಾಮ್ಲ ಬಿಡುತ್ತದೆ. ಆಮ್ಲ ಕಲ್ಲಿನ ಕ್ಯಾಲ್ಸೈಟನ್ನು (ಸುಣ್ಣದ ಖನಿಜ) ತಿಂದು ಜಿಪ್ಸಮ್ ಎಂಬ ಬಿಳಿ ಖನಿಜ ಮಾಡುತ್ತದೆ. ಹೊಸ ಹರಳುಗಳಿಗೆ ಹೆಚ್ಚು ಜಾಗ ಬೇಕು, ಹಾಗಾಗಿ ಬಿರುಕು ಒಳಗಿನಿಂದಲೇ ಅಗಲವಾಗುತ್ತದೆ.

ಸುಣ್ಣವೋ ಅಲ್ಲವೋ ಎಂದು ತಿಳಿಯಲು ಆಮ್ಲತೆ ತೋರಿಸುವ ಪಿಎಚ್ ಪಟ್ಟಿ ಸಾಕು. ಒಂದು ಹನಿ ಶುದ್ಧ ನೀರಲ್ಲಿ ಪಟ್ಟಿ ನೆನೆಸಿ, ಉದುರಿದ ಪುಡಿಗೆ ಮುಟ್ಟಿಸಿ (ಕಲ್ಲಿಗಲ್ಲ). 2-3 ತೋರಿಸಿದರೆ ಪೈರೈಟ್ ಕೊಳೆತ. ನೀರಿನ ಸುಣ್ಣವಾದರೆ 7ಕ್ಕಿಂತ ಕೆಳಗಿಳಿಯದು. ಕಲ್ಲಿನ ಕೆಳಗಿನ ಬಟ್ಟೆ ಸುಟ್ಟಂತೆ ಕಂದಿದ್ದರೆ ಪಟ್ಟಿಯೂ ಬೇಡ.

ಕೊಳೆತವೇ ಆದರೆ ತೊಳೆಯಬೇಡಿ. ಒಣ ಮೆತ್ತನೆಯ ಕುಂಚದಿಂದ ಪುಡಿ ತೆಗೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಆಮೇಲೆ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗೊಂದು ಸಣ್ಣ ತೇವಾಂಶ ಮಾಪಕ ಹಾಕಿ. ತೇವಾಂಶ 60%ಕ್ಕಿಂತ ಮೇಲಿದ್ದರೆ ಕೊಳೆತ ವೇಗವಾಗುತ್ತದೆ, 45%ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ನಿಲ್ಲುತ್ತದೆ. ಜೆಲ್ ಬಣ್ಣ ಬದಲಾದರೆ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಎಣ್ಣೆ, ವಾರ್ನಿಷ್ ಹಚ್ಚಿದರೆ ಆಯಿತು ಎಂದು ಕೆಲವರು ಹೇಳುತ್ತಾರೆ. ತೇವದ ಆವಿ ಅದನ್ನೂ ದಾಟುತ್ತದೆ, ಆಗಲೇ ಹುಟ್ಟಿದ ಆಮ್ಲ ಒಳಗೇ ಉಳಿಯುತ್ತದೆ.

ಸುರುಳಿ_66:
ಅಸಲಿ-ನಕಲಿಗೆ ಮೊದಲು ಸಾಂದ್ರತೆ ನೋಡಿ, ಆದರೆ ನಿಮ್ಮ ಕಲ್ಲನ್ನು ಈಗ ನೀರಿಗೆ ಹಾಕಬೇಡಿ. ಪುಡಿ ಬಿಡದ ಬೇರೆ ಕಲ್ಲಿಗೆ ಕ್ರಮ ಇದು: ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಗಾತ್ರ ಅಷ್ಟು ಸಿಸಿ. ಒಣ ತೂಕವನ್ನು ಅದರಿಂದ ಭಾಗಿಸಿ. 420 ಗ್ರಾಂ ಕಲ್ಲಿಗೆ 155 ಬಂದರೆ 2.71, ಇದು ಕಲ್ಲಿನ ಲೆಕ್ಕ. ಪೈರೈಟ್ ಹೆಚ್ಚಿದ್ದರೆ ಇನ್ನೂ ಮೇಲೆ ಹೋಗುತ್ತದೆ. ಬರೀ ರೆಸಿನ್ 1.2ರ ಆಸುಪಾಸು. ಕಲ್ಲುಪುಡಿ ಬೆರೆಸಿದ ಅಚ್ಚು ಅದಕ್ಕಿಂತ ಭಾರ, ಆದರೂ ಸಾಮಾನ್ಯವಾಗಿ ಕಲ್ಲಿನಷ್ಟಿರದು.

ಕೆತ್ತಿದ ಕಲ್ಲು ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅಲ್ಲಿ ಬೇಕಾದದ್ದು 10 ಪಟ್ಟು ಹಿಗ್ಗಿಸುವ ಮಸೂರ. ಗಂಡಕಿಯ ಅಮೋನೈಟುಗಳಲ್ಲಿ ಸಾಮಾನ್ಯವಾದ ಪೆರಿಸ್ಫಿಂಕ್ಟಿಡ್, ಬ್ಲಾನ್‌ಫೋರ್ಡಿಸೆರಾಸ್ ಬಗೆಗಳಲ್ಲಿ ಪಕ್ಕೆಗೆರೆ ಒಳಗಿನಿಂದ ಒಂದಾಗಿ ಹೊರಟು ಹೊರ ಅಂಚಿನ ಹತ್ತಿರ ಎರಡಾಗಿ, ಕೆಲವೊಮ್ಮೆ ಮೂರಾಗಿ ಕವಲೊಡೆಯುತ್ತದೆ. ಕೆತ್ತುವವರು ಹೆಚ್ಚಾಗಿ ನೇರ ಗೆರೆ ಎಳೆದು ಕೈತೊಳೆದುಕೊಳ್ಳುತ್ತಾರೆ. ಸುತ್ತಿನ ಅಗಲ ಅಳೆಯಿರಿ: ಪ್ರಾಣಿ ಬೆಳೆದಂತೆ ಅದು ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ ಹಿಗ್ಗುತ್ತ ಹೋಗುತ್ತದೆ. ಎಲ್ಲ ಸುತ್ತೂ ಒಂದೇ ಅಗಲವಿದ್ದರೆ ಸಂಶಯಪಡಿ. ಚಿಪ್ಪಿನೊಳಗೆ ಸಾಲು ಕೋಣೆಗಳಿರುತ್ತವೆ; ಚಿಪ್ಪು ಸವೆದ ಕಡೆ, ಆ ಕೋಣೆಗಳ ಗೋಡೆ ಚಿಪ್ಪಿಗೆ ಸೇರುವಲ್ಲಿನ ಹೊಲಿಗೆಗೆರೆ ಕೊತ್ತಂಬರಿ ಎಲೆಯ ಅಂಚಿನಂತೆ ಸುಕ್ಕುಸುಕ್ಕಾಗಿ ಕಂಡರೆ ವಾದವೇ ಮುಗಿಯಿತು, ಅದನ್ನು ಕೆತ್ತುವ ತಾಳ್ಮೆ ಯಾರಿಗೂ ಇಲ್ಲ. ಕಾಣದಿದ್ದರೆ ಮಾತ್ರ ನಕಲಿ ಎನ್ನಬೇಡಿ: ಪ್ರಾಣಿ ವಾಸಿಸುತ್ತಿದ್ದ ಕೊನೆಯ ಕೋಣೆಯಲ್ಲಿ ಗೋಡೆಗಳೇ ಇರುವುದಿಲ್ಲ, ಚಿಪ್ಪಿನ ಹೊರಮೈಯ ಅಚ್ಚಿನಲ್ಲೂ ಹೊಲಿಗೆ ಬೀಳುವುದಿಲ್ಲ.

ಬೆಣಚುಕಲ್ಲು:
ಒಂದು ಸೇರಿಸುತ್ತೇನೆ. "ಕೃಷ್ಣೆಯಲ್ಲಿ, ಕಾವೇರಿಯಲ್ಲಿ ಸಿಕ್ಕ ಚಕ್ರದ ಕಲ್ಲು" ಎಂದು ಮಾರುವವರಿದ್ದಾರೆ. ಕರ್ನಾಟಕದ ಹೆಚ್ಚಿನ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಉತ್ತರದ ಕಪ್ಪುಕಲ್ಲು ದಖ್ಖನ್ ಲಾವಾ. ಕಲಾದಗಿ, ಭೀಮಾ ಪ್ರದೇಶದ ಸುಣ್ಣಕಲ್ಲು ಕೂಡ ಚಿಪ್ಪಿನ ಪ್ರಾಣಿಗಳು ಹುಟ್ಟುವ ಮುಂಚಿನದು. ಅಮೋನೈಟ್ ಇಲ್ಲಿ ಎಲ್ಲಿಂದ ಬರಬೇಕು? ಹತ್ತಿರದಲ್ಲಿ ಬೇಕೆಂದರೆ ತಮಿಳುನಾಡಿನ ಅರಿಯಲೂರು-ತಿರುಚಿರಾಪಳ್ಳಿ ಕಡೆಯ ಕ್ರಿಟೇಶಿಯಸ್ (ಜುರಾಸಿಕ್ ನಂತರದ ಯುಗ) ಪದರಗಳು, ಇಲ್ಲವೇ ಕಚ್ಛ್.

ಇಂದಿಗೂ ಬದುಕಿರುವ ಸುರುಳಿ ಚಿಪ್ಪಿನ ಕಡಲಪ್ರಾಣಿ ನಾಟಿಲಸಿನ ಚಿಪ್ಪಿನ ಜೊತೆ ಹೋಲಿಸುವವರಿಗೆ: ಕೋಣೆಗಳನ್ನು ಕೂಡಿಸುವ ನಳಿಕೆ ನಾಟಿಲಸಿನಲ್ಲಿ ಗೋಡೆಯ ನಡುವೆ, ಅಮೋನೈಟುಗಳಲ್ಲಿ ಸಾಮಾನ್ಯವಾಗಿ ಹೊರ ಅಂಚಿಗೆ ಅಂಟಿಕೊಂಡು.

ಕಡಲತಡಿ:
ಪಟ್ಟಿ 3 ತೋರಿಸಿತು. ನಿತ್ಯ ಅಭಿಷೇಕ ತಪ್ಪಿಸುವುದು ಕಷ್ಟ. ಮುಗಿದ ಕೂಡಲೇ ಚೆನ್ನಾಗಿ ಒರೆಸಿಟ್ಟರೆ ಸಾಲದೇ?

ಶಿಲಾಪುಟ:
ಸಾಲದು. ಒರೆಸಿದರೆ ಮೇಲ್ಮೈ ಒಣಗುತ್ತದೆ, ಬಿರುಕಿನೊಳಗೆ ಇಳಿದ ನೀರು ಕರಾವಳಿಯ ಮಳೆಗಾಲದಲ್ಲಿ ದಿನಗಟ್ಟಲೆ ಅಲ್ಲೇ ಕೂರುತ್ತದೆ. ಪದ್ಧತಿ ಮನೆಯ ಹಿರಿಯರಿಗೆ ಬಿಟ್ಟದ್ದು. ಚಿನ್ನದ ಚುಕ್ಕಿ ಇಲ್ಲದ, ಬಿರುಕಿಲ್ಲದ ಇನ್ನೊಂದು ಸಾಲಿಗ್ರಾಮ ಮನೆಯಲ್ಲಿದ್ದರೆ ನೀರು ಅದಕ್ಕೆ ಹೋಗಲಿ, ಇದು ಡಬ್ಬಿಯಲ್ಲಿರಲಿ.