ಮನ್ಯಾಗ ಸಾಲಿ ಕಲಿಸೋ ಪಾಲಕರ ಪ್ರಶ್ನೆ, ಅಕ್ಕೋರ ಉತ್ತರ

ಅಡ್ಮಿನ್: ಎಲ್ಲಾರಿಗೂ ವಂದನೆಗಳು. ಇವತ್ತ ರಾತ್ರಿ 8ರಿಂದ ಅಕ್ಕೋರು ಗ್ರೂಪಿನ್ಯಾಗ ಇರ್ತಾರ. ಹೈಸ್ಕೂಲಿನ್ಯಾಗ ಕಲಿಸಿ ರಿಟೈರ್ ಆದವರು, ಈಗ ಓಪನ್ ಸ್ಕೂಲ್ ಪರೀಕ್ಷೆ ಕಟ್ಟೋ ಹುಡುಗರಿಗೆ, ಓದಾಕ ತ್ರಾಸ ಇರೋ ಹುಡುಗರಿಗೆ ಕಲಿಸ್ತಾರ. ಮಕ್ಕಳಿಗೆ ಮನ್ಯಾಗ ಕಲಿಸೋ ನಮ್ಮ ಸಭೆಗಳ ಪಾಲಕರು ಪುಸ್ತಕ, ಸಿಲೇಬಸ್, ಪರೀಕ್ಷೆ ಬಗ್ಗೆ ಕೇಳ್ರಿ. ಒಬ್ಬರಿಗೆ ಒಂದ ಪ್ರಶ್ನೆ. ಫಾರ್ವರ್ಡ್ ಬ್ಯಾಡ.

ಟಿಳಕವಾಡಿ ತಾಯಿ: ವಂದನೆಗಳು ಅಕ್ಕೋರ. ನನ್ನ ಮಕ್ಕಳಿಗೆ ಆರು, ಎಂಟು ವರ್ಷ. ಒಬ್ಬರು ಅಮೆರಿಕಾದ ಅಬೆಕಾ ಅನ್ನೋ ಕ್ರಿಸ್ತೀಯ ಪುಸ್ತಕದ ಸೆಟ್ ತರಸ್ರಿ ಅಂತಾರ, ಇನ್ನೊಬ್ಬರು ಅಂಥಾದ್ದ ಇನ್ನೊಂದು, ಎಸಿಇ, ಚಲೋ ಅಂತಾರ, ರೇಟ್ ಕೇಳಿ ನಮ್ಮ ಮನಿಯವರು ಗಪ್ಪ ಆಗ್ಯಾರ. ದೇವರ ವಾಕ್ಯನೂ ಇರಬೇಕು, ಪಾಠನೂ ಸರಿ ಇರಬೇಕು, ಅಂಥಾದ್ದು ಯಾವುದೈತ್ರಿ?

ಅಕ್ಕೋರು: ಮೊದಲ ರೊಕ್ಕ ಉಳಸ್ರಿ. ಅವು ಕೆಟ್ಟ ಪುಸ್ತಕ ಅಲ್ಲ, ಆದ್ರ ಅಮೆರಿಕಾದ ಮಕ್ಕಳ ಸಲುವಾಗಿ ಬರದದ್ದು. ಲೆಕ್ಕದಾಗ ಇಂಚು, ಪೌಂಡು, ಡಾಲರು, ಇತಿಹಾಸದಾಗ ಅವರ ಪ್ರೆಸಿಡೆಂಟ್‌ಗಳು. ಹುಡುಗ ವಾಷಿಂಗ್ಟನ್ ಬಗ್ಗೆ ಪಟಪಟಾ ಹೇಳ್ತಾನ, ಕಿತ್ತೂರು ಚೆನ್ನಮ್ಮ ಯಾರು ಅಂದ್ರ ಮುಖಾ ನೋಡ್ತಾನ, ಬೆಳಗಾವಿಯೊಳಗ ಇದ್ದು ಇದೇನ್ ಚಂದ? ಎಸಿಇದೊಳಗ ಒಂದು ವಿಷಯಕ್ಕ ವರ್ಷಕ್ಕ 12 ಪುಸ್ತಕ, ಹುಡುಗ ತಾನ ಓದಿ ತಾನ ಖಾಲಿ ಜಾಗಾ ತುಂಬಿ ತಾನ ಉತ್ತರ ನೋಡಿ ತಿದ್ದಬೇಕು. ಶಿಸ್ತಿನ ಹುಡುಗರಿಗೆ ನಡೀತೈತಿ, ಉಳಿದವರು ಉತ್ತರ ನೋಡೇ ತುಂಬ್ತಾರ.

ನಿಮ್ಮ ಮಕ್ಕಳ ವಯಸ್ಸಿಗೆ ನಾ ಹೇಳೋದು ಇಷ್ಟ. ಗಣಿತ, ಕನ್ನಡ, ಪರಿಸರ ಅಧ್ಯಯನಕ್ಕ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕ ಇಟಗೋರಿ, ಅವರ ವೆಬ್‌ಸೈಟಿನ್ಯಾಗ ಪುಕ್ಕಟೆ ಸಿಗ್ತಾವ, ಪಾಠದ ಕ್ಯೂಆರ್ ಕೋಡ್ ಹೊಡದ್ರ ದೀಕ್ಷಾ ಆ್ಯಪಿನ್ಯಾಗ ವಿಡಿಯೋ ಬರ್ತಾವ. ಓದಾಕ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ಐತಿ, ಕನ್ನಡದಾಗ ರಗಡ ಕಥಿ, ಒಂದರಿಂದ ನಾಕನೇ ಹಂತದ ಮಟ ಬ್ಯಾರೆ ಬ್ಯಾರೆ ಮಾಡಿ ಇಟ್ಟಾರ, ಪುಕ್ಕಟೆ ಮತ್ತ ಕಾನೂನು ಪ್ರಕಾರ. ವಿಜ್ಞಾನಕ್ಕ ಅರವಿಂದ ಗುಪ್ತಾ ಅವರ ಕಸದಿಂದ ಮಾಡೋ ಆಟಿಕಿ ನೋಡ್ರಿ, ಬಾಟ್ಲಿ, ಸೈಕಲ್ ಟ್ಯೂಬ್, ಬೆಂಕಿಕಡ್ಡಿ ಇದ್ರ ಸಾಕು. ಸ್ವಲ್ಪ ದೊಡ್ಡವರಾದ ಮ್ಯಾಲೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಪತ್ರಿಕೆ ಕೊಡ್ರಿ.

ಕ್ರಿಸ್ತೀಯ ಪದ್ಧತಿನ ಬೇಕಂದ್ರ ಆಂಬಲ್‌ಸೈಡ್ ಆನ್‌ಲೈನ್ ಅಂತ ಐತಿ, ಒಂದು ಪೈಸಾ ಇಲ್ಲ. ಶಾರ್ಲೆಟ್ ಮೇಸನ್ ಅಂತ ಇಂಗ್ಲೆಂಡಿನ ಶಿಕ್ಷಕಿ (1842–1923), ಅವರ ವಿಚಾರದ ಮ್ಯಾಲೆ ಕಟ್ಟಿದ್ದು. ಪಾಠ ಸಣ್ಣದಿರಬೇಕು, ಒಮ್ಮೆ ಓದಿ ಹೇಳಬೇಕು, ಆಮ್ಯಾಲ ಹುಡುಗ ತನ್ನ ಮಾತಿನ್ಯಾಗ ತಿರುಗಿ ಹೇಳಬೇಕು. ಅವರ ಇಂಗ್ಲಿಷ್ ಪುಸ್ತಕದ ಪಟ್ಟಿ ಬಿಡ್ರಿ, ಪದ್ಧತಿ ತಗೋರಿ. ಯೋಸೇಫನ ಕಥಿ ಕನ್ನಡ ಸತ್ಯವೇದದಿಂದ ಅರ್ಧ ಅಧ್ಯಾಯ ಓದಿ "ಈಗ ನೀ ಹೇಳು" ಅನ್ರಿ, ಭಾಷಾನೂ ಆತು ವಾಕ್ಯನೂ ಆತು. ಸತ್ಯವೇದಕ್ಕ ಮುಂಜಾನೆ ಅರ್ಧಾ ತಾಸು ಬ್ಯಾರೆ ಇಡ್ರಿ, ಲೆಕ್ಕದ ಪುಸ್ತಕದಾಗೂ ವಚನ ಇರಬೇಕಂತ ಡಾಲರ್ ಕೊಡಬ್ಯಾಡ್ರಿ.

ಖಾನಾಪುರ ತಮ್ಮ: ಅಬೆಕಾ ಫುಲ್ ಸೆಟ್ ನನ್ನ ಕಡೆ ಐತಿ ಬ್ರದರ್ಸ್ ಸಿಸ್ಟರ್ಸ್, ಎಲ್.ಕೆ.ಜಿಯಿಂದ 12ರ ತನಕ ಸ್ಕ್ಯಾನ್, ಡ್ರೈವ್ ಲಿಂಕ್ ಹಾಕ್ಲಿ?

ಸಂಕೇಶ್ವರ ಅಪ್ಪ: ಹಾಕ್ರಿ

ಅಥಣಿ ಅಕ್ಕ: ನನಗೂ

ಅಕ್ಕೋರು: ಹಾಕಬ್ಯಾಡ್ರಿ. ಅದು ಕದ್ದದ್ದು. ಎಂಟನೇ ಆಜ್ಞೆ ಮಕ್ಕಳಿಗೆ ಬಾಯಿಪಾಠ ಮಾಡ್ಸಿ, ಕದ್ದ ಪುಸ್ತಕದಾಗ ಪಾಠ ಹೇಳ್ತೀರೇನು.

ಕ್ಯಾಂಪ್ ಅಂಕಲ್: ಕ್ಷಮಿಸ್ರಿ ಅಕ್ಕೋರ, ಕದಿಯಬಾರದು ಅನ್ನೋದು ಏಳನೇದು.

ಸಂಕೇಶ್ವರ ಅಪ್ಪ: ಏಳನೇದು ವ್ಯಭಿಚಾರ ಅಲ್ಲೇನ್ರಿ ಅಂಕಲ್, ಪುಸ್ತಕ ತಗದು ನೋಡ್ರಿ

ಕ್ಯಾಂಪ್ ಅಂಕಲ್: ನಾವು ಕ್ಯಾಥೊಲಿಕ್, ನಮ್ಮ ಲೆಕ್ಕದಾಗ ಏಳನೇದ. ಲುಥೆರನ್ನರೂ ಹಂಗ ಎಣಸ್ತಾರ. ವಚನ ಅವೇ, ನಂಬರ್ ಹಾಕೋದು ಬ್ಯಾರೆ. ನೀವ್ ಪುಸ್ತಕ ತಗದು ನೋಡ್ರಿ.

ಸಂಕೇಶ್ವರ ಅಪ್ಪ: ವಿಗ್ರಹದ್ದು ಎರಡನೇ ಆಜ್ಞೆ ಎಲ್ಲಿ ಹೋತು ಹಂಗಾದ್ರ, ಅದನ್ನ ಬಿಟ್ಟೀರಿ ಅಂತ ಹೇಳ್ರಿ ಸೀದಾ

ಕ್ಯಾಂಪ್ ಅಂಕಲ್: ಬಿಟ್ಟಿಲ್ಲ, ಮೊದಲನೇದರಾಗ ಕೂಡೇತಿ. ಗೊತ್ತಿಲ್ದ ಮಾತಾಡಬ್ಯಾಡ್ರಿ.

ಅಡ್ಮಿನ್: ಇದು ಇಲ್ಲಿ ಬ್ಯಾಡ ಪ್ಲೀಸ್ 🙏

ಗೋಕಾಕ ತಾಯಿ: ಅಕ್ಕೋರ, ನನ್ನ ಮಗಳಿಗೆ ಒಂಬತ್ತು. ಎರಡು ವರ್ಷ ಆತು ಸಾಲಿ ಬಿಡಿಸಿ ಇಂಗ್ಲಿಷ್ ವರ್ಕ್‌ಬುಕ್ ಮಾಡ್ಸಾಕತ್ತೀನಿ. ಸತ್ಯವೇದ ತಪ್ಪಿಲ್ದ ಓದ್ತಾಳ, ಕೀರ್ತನೆ 23, 121, 1 ಕೊರಿಂಥ 13, ಸಭೆಯೊಳಗ ಎಲ್ಲಾರೂ ಹೊಗಳ್ತಾರ. ಆದ್ರ ವರ್ಕ್‌ಬುಕ್ಕಿನ ಹೊಸಾ ಪಾನ ತಗದ್ರ ಹೊಟ್ಟಿ ಬ್ಯಾನಿ ಅಂತಾಳ, ಅಳ್ತಾಳ. ಇನ್ನೂ ಸರಳ ವರ್ಕ್‌ಬುಕ್ ಯಾವುದಾದ್ರೂ ಐತ್ರಿ?

ಅಕ್ಕೋರು: ತಡೀರಿ. ವರ್ಕ್‌ಬುಕ್ ಆಮ್ಯಾಲ. ಆಕಿ ಓದೋ ಅಧ್ಯಾಯ ಎಲ್ಲಾ ಸಂಡೇ ಸ್ಕೂಲಿನ್ಯಾಗ ಕಂಠಪಾಠ ಮಾಡ್ಸಿದ್ವೇನು? ಸಾಲಿಯೊಳಗ ಇದ್ದಾಗ ಕನ್ನಡ ಒತ್ತಕ್ಷರ ಬರತಿತ್ತೇನು? ಮನ್ಯಾಗ ಯಾವ ಭಾಷಾ ಮಾತಾಡ್ತೀರಿ? ಸಣ್ಣಾಕಿ ಇದ್ದಾಗ ಮಾತು ತಡಾ ಬಂದಿತ್ತೇನು, ಕಿವಿ ಸೋರತಿತ್ತೇನು?

ಗೋಕಾಕ ತಾಯಿ: ಹೌದ್ರಿ ಎಲ್ಲಾ ಕಂಠಪಾಠದ್ವ. ಮನ್ಯಾಗ ಕನ್ನಡ, ಅತ್ತಿ ಕೂಡ ಮರಾಠಿ. ಒತ್ತಕ್ಷರ ಬರ್ತಿರಲಿಲ್ಲ ಅಂತ ಟೀಚರ್ ಬೈತಿದ್ರು, ಅದಕ್ಕ ಬಿಡಿಸಿದ್ವಿ. ಮಾತು ತಡಾನ ಬಂತ್ರಿ.

ಅಥಣಿ ಅಕ್ಕ: ಸಿಸ್ಟರ್ ಚಿಂತಿ ಬ್ಯಾಡ, ಇದನ್ನ ಓದ್ರಿ. *ಫಾರ್ವರ್ಡ್:* ರಾತ್ರಿ ಏಳು ಬದಾಮಿ ನೆನಸಿ ಮುಂಜಾನೆ ಒಂದೆಲಗದ ರಸದಾಗ ಅರದು ಕೊಟ್ರ 21 ದಿನದಾಗ ನೆನಪಿನ ಶಕ್ತಿ ಮೂರುಪಟ್ಟು, ಕಣ್ಣಿಗೆ ಬಟ್ಟಿ ಕಟ್ಟಿ ಓದೋ ಟ್ರೇನಿಂಗ್ ಕೊಟ್ರ ಮಿಡ್‌ಬ್ರೇನ್ ತೆರೀತೈತಿ, ಎಲ್ಲಾ ಪಾಲಕರಿಗೂ ಕಳಸ್ರಿ...

ಅಕ್ಕೋರು: ಅಥಣಿ ಅಕ್ಕಾ, ಆಕಿಗೆ ನೆನಪಿನ ಶಕ್ತಿ ಕಡಿಮಿಲ್ಲ! ಕೊರಿಂಥ 13 ಪೂರ್ತಿ ಹೇಳೋ ಹುಡುಗಿಗೆ ನೆನಪು ಯಾತಕ್ಕ ಬೇಕು? ಆ ನೆನಪ ಆಕಿ ತ್ರಾಸನ್ನ ಮುಚ್ಚಿ ಇಟ್ಟೈತಿ. ಕಣ್ಣಿಗೆ ಬಟ್ಟಿ ಕಟ್ಟಿ ಯಾರೂ ಓದಂಗಿಲ್ಲ, ಮೂಗಿನ ಸಂದಿಂದ ನೋಡ್ತಾರ, ಅದಕ್ಕ ಪಾಲಕರು ಸಾವಿರಗಟ್ಟಲೆ ಫೀ ಕಟ್ತಾರ. ಬದಾಮಿ ತಿನ್ರಿ, ಬ್ಯಾಡ ಅನ್ನಂಗಿಲ್ಲ, ಅಕ್ಷರ ಅಂತೂ ಅದರಿಂದ ಬರಂಗಿಲ್ಲ.

ಗೋಕಾಕ ತಾಯೀ, ಈಗ ಲಕ್ಷ್ಯ ಕೊಟ್ಟು ಓದ್ರಿ. ಇವತ್ತ ರಾತ್ರಿ ಬ್ಯಾಡ, ನಾಳೆ ಆಕಿ ಖುಷಿಯಾಗಿದ್ದಾಗ ಮಾಡ್ರಿ. ಕೀರ್ತನೆ 23 ತಗದು ನಡುವಿನ ಒಂದು ಶಬ್ದದ ಮ್ಯಾಲೆ ಬೊಟ್ಟು ಇಟ್ಟು "ಇದೇನು" ಅಂತ ಕೇಳ್ರಿ. ಮೊದಲಿಂದ ಗುಣುಗುಣು ಹೇಳಿಕೋತ ಅಲ್ಲಿಗೆ ಬಂದು ನಿಂತ್ರ ಅದು ಓದಿದ್ದಲ್ಲ. ಆಮ್ಯಾಲ ಸ್ಟೋರಿವೀವರಿನ ಒಂದನೇ ಹಂತದ ಕನ್ನಡ ಕಥಿ, ಆಕಿ ಕೇಳಿರಬಾರದು, ಚಿತ್ರ ಕೈಲೆ ಮುಚ್ಚಿ ಓದಸ್ರಿ. ಕ, ಕಾ, ಕಿ, ಕೀ ಸಾಲಿನ್ಯಾಗ ಹೇಳಾಕ ಬರ್ತೈತೋ, ಉಲ್ಟಾಪಲ್ಟಾ ತೋರಿಸಿದ್ರೂ ಬರ್ತೈತೋ ನೋಡ್ರಿ. ಎಲ್ಲಿ ತಡವರಿಸ್ತಾಳ ಬರದು ಇಟಗೋರಿ. ಬೈಬ್ಯಾಡ್ರಿ, ತಿದ್ದಬ್ಯಾಡ್ರಿ, ಬರೇ ನೋಡ್ರಿ.

ನನ್ನ ಅಂಜಿಕಿ ಏನಂದ್ರ ಇದು ಆಲಸ್ಯ ಅಲ್ಲ. ತಡಾ ಬಂದ ಮಾತು, ಒತ್ತಕ್ಷರದ ತ್ರಾಸ, ಹೊಸಾ ಪಾನ ಕಂಡ್ರ ಹೊಟ್ಟಿ ಬ್ಯಾನಿ, ಇವೆಲ್ಲಾ ಕೂಡಿ ಬಂದಾಗ ಕಲಿಕೆಯ ತೊಂದರೆ, ಅಂದ್ರ ಡಿಸ್ಲೆಕ್ಸಿಯಾ, ಇರಬಹುದು. ಇಲ್ಲಾಂದ್ರ ಕಿವಿ ಪೂರ್ತಿ ಕೇಳಿಸ್ತಿರಲಿಕ್ಕಿಲ್ಲ. ಯಾವುದು ಅಂತ ನಾ ಫೋನಿನ್ಯಾಗ ಹೇಳಾಕ ಬರಂಗಿಲ್ಲ, ಇಲ್ಲಿ ಯಾರೂ ಹೇಳಬಾರದು. ಮೊದಲ ಕಿವಿ ಟೆಸ್ಟ್, ಕಣ್ಣಿನ ಟೆಸ್ಟ್. ಬೆಳಗಾವಿ ಜಿಲ್ಲಾ ಆಸ್ಪತ್ರೆಗೆ ಹೋಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಕ್ಕಳ ತಪಾಸಣಿ ಎಲ್ಲಿ ಮಾಡ್ತಾರ ಕೇಳ್ರಿ, 18 ವರ್ಷದ ತನಕ ನೋಡ್ತಾರ. ಮುಂದ ಬೇಕಾದ್ರ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಐತಿ, ಬೆಂಗಳೂರಿನ್ಯಾಗ ನಿಮ್ಹಾನ್ಸ್ ಐತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೊಳಗ ಈ ಕಲಿಕೆಯ ತೊಂದರೇನೂ ಸೇರೇತಿ, ಸರ್ಟಿಫಿಕೇಟ್ ಆದ್ರ ಮುಂದ ಪರೀಕ್ಷೆಯೊಳಗ ಜಾಸ್ತಿ ಟೈಮ್ ಕೇಳಬಹುದು.

ಅಲ್ಲೀತನಕ ಇಂಗ್ಲಿಷ್ ವರ್ಕ್‌ಬುಕ್ ಪೂರಾ ಬಂದ್. ಮೂರು ಭಾಷಾದ ನಡುವ ಒಂದರ ಅಕ್ಷರಾನೂ ಗಟ್ಟಿ ಆಗಿಲ್ಲ. ಮನಿ ಮಾತು ಕನ್ನಡ, ಅದರಿಂದ ಶುರು ಮಾಡ್ರಿ, ದಿನಾ 15 ನಿಮಿಷ, ಐದೈದು ಅಕ್ಷರ, ಮಣ್ಣಿನ್ಯಾಗ ಬೊಟ್ಟಿಲೆ ಬರಸ್ರಿ, ಶಬ್ದ ಒಡದು ಕೇಳಸ್ರಿ: "ಕಮಲ, ಮೊದಲಿನ ಸಪ್ಪಳ ಯಾವುದು, ಅದನ್ನ ತಗದ್ರ ಏನ್ ಉಳೀತು". ಪಾಠ ನೀವ ಓದಿ ಹೇಳ್ರಿ, ಆಕಿ ಬಾಯಿಲೆ ಉತ್ತರ ಕೊಡ್ಲಿ. ಓದಾಕ ಬರಂಗಿಲ್ಲಂತ ವಿಜ್ಞಾನ, ಇತಿಹಾಸ ನಿಲ್ಲಿಸಬ್ಯಾಡ್ರಿ.

ಸಂಕೇಶ್ವರ ಅಪ್ಪ: ಎಣ್ಣಿ ಹಚ್ಚಿ ಪ್ರಾರ್ಥನಾ ಮಾಡ್ಸಿದ್ರ ಆಗ್ತೈತ್ರಿ, ಆಸ್ಪತ್ರೆ ಅಂತ ಹೆದರಿಸ್ತೀರಿ ಯಾಕ

ಕ್ಯಾಂಪ್ ಅಂಕಲ್: ಲೂಕನೂ ವೈದ್ಯನ ಇದ್ದ.

ಅಕ್ಕೋರು: ಪ್ರಾರ್ಥನಾ ಮಾಡ್ರಿ, ಮಾಡಿ ಬಸ್ ಹತ್ರಿ.

ಬೈಲಹೊಂಗಲ ಅಪ್ಪ: ಮಗಗ 13. ಎಸ್ಸೆಸ್ಸೆಲ್ಸಿ ಹೆಂಗ? ಮುಂದ ಸಿಇಟಿ ಬರಸಬೇಕಂತ ಐತ್ರಿ.

ಅಕ್ಕೋರು: ಎನ್‌ಐಒಎಸ್, ಅಂದ್ರ ರಾಷ್ಟ್ರೀಯ ಓಪನ್ ಸ್ಕೂಲಿನ್ಯಾಗ, 14 ತುಂಬಿದ್ರ ಹತ್ತನೇದಕ್ಕ ಹೆಸರು ಹಚ್ಚಬಹುದು, ಪಾಸ್ ಆಗಾಕ 5 ವಿಷಯ, ವರ್ಷಕ್ಕ ಎರಡು ಸರ್ತೆ ಪರೀಕ್ಷೆ, 5 ವರ್ಷದಾಗ ಒಂದೊಂದ ವಿಷಯ ಮುಗಿಸಿದ್ರೂ ನಡೀತೈತಿ. ಮುಂದ ಅಲ್ಲೇ 12 ಮುಗಿಸಿದ್ರ ನೀಟ್‌ಗೂ ಕುಂದ್ರಬಹುದು. ಆದ್ರ ಸಿಇಟಿ ನಡಸೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟಿಗೆ ಸಾಮಾನ್ಯ ನಿಯಮ ಏನಂದ್ರ ಒಂದನೇತ್ತಾದಿಂದ 12ರ ತನಕ ಕರ್ನಾಟಕದಾಗ 7 ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು, ಗ್ರಾಮೀಣ ಮತ್ತ ಕನ್ನಡ ಮಾಧ್ಯಮ ಮೀಸಲಾತಿಗೆ ಇನ್ನೂ ಜಾಸ್ತಿ. ಮನ್ಯಾಗ ಓದಿದ ಹುಡುಗಗ ಅದನ್ನ ಯಾರು ಬರದು ಕೊಡ್ತಾರ? ಬ್ಯಾರೆ ಕಲಮುಗಳೂ ಅದಾವ, ಕೆಇಎ ಮಾಹಿತಿ ಪುಸ್ತಕ ಈಗ ಓದ್ರಿ, 12 ಮುಗದ ಮ್ಯಾಲಲ್ಲ. 14 ತುಂಬೋತನಕ ಸರಕಾರಿ ಸಾಲಿಯವರು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೋಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆ ಐತಿ. ನಿಮಗಿನ್ನೂ ಟೈಮ್ ಐತಿ.

ಖಾನಾಪುರ ತಮ್ಮ: *ಫಾರ್ವರ್ಡ್:* ಹೋಮ್‌ಸ್ಕೂಲ್ ಸರಕಾರಿ ನೋಂದಣಿ ಶುರು, 4,999 ಮಾತ್ರ, ಪರೀಕ್ಷೆ ಇಲ್ದ 10ನೇ ಮಾರ್ಕ್ಸ್ ಕಾರ್ಡ್ ಗ್ಯಾರಂಟಿ

ಅಕ್ಕೋರು: ಅಂಥಾ ನೋಂದಣಿ ಇಲ್ಲ. ಪರೀಕ್ಷೆ ಇಲ್ದ ಮಾರ್ಕ್ಸ್ ಕಾರ್ಡ್ ಅಂದ್ರ ಮೋಸ. ಆ ಕಾರ್ಡ್ ಹಿಡಕೊಂಡು ಹೋದವರು ಮುಂದ ಕೇಸಿನ್ಯಾಗ ಸಿಗತಾರ. ಫಾರ್ವರ್ಡ್ ಬ್ಯಾಡ ಅಂತ ಮ್ಯಾಲ ಬರದಾರಲ್ಲ?

ಹುಕ್ಕೇರಿ ಅಕ್ಕ: ಅಕ್ಕೋರ ಯಾವ ಸಿಲೇಬಸ್ ಚಲೋ?

ಅಕ್ಕೋರು: ಮ್ಯಾಲ ಬರದೀನಿ.

ವಿಜಯಪುರ ಬ್ರದರ್: ಅಕ್ಕೋರ, ನಮ್ಮಲ್ಲಿ ಮೂರು ಕುಟುಂಬ ಅದಾವ, ಎಲ್ಲಾರೂ ಕೂಡಿ ಒಂದ ಮನ್ಯಾಗ ಕಲಸಬಹುದೇನ್ರಿ? ಕಾನೂನಿನ ತ್ರಾಸ ಏನರ ಅದ ಏನು?

ಸಂಕೇಶ್ವರ ಅಪ್ಪ: ವಿಜ್ಞಾನದಾಗ ವಿಕಾಸವಾದ ಕಲಸಬೇಕಾಗ್ತೈತಿ ಅಂತ ಅಂಜಬ್ಯಾಡ್ರಿ ಯಾರೂ, ಎನ್‌ಸಿಇಆರ್‌ಟಿಯವರ ತಗದು ಹಾಕ್ಯಾರ, ದೇವರಿಗೆ ಸ್ತೋತ್ರ

ಅಕ್ಕೋರು: 2023ರಾಗ ತಗದದ್ದು ಹತ್ತನೇತ್ತಾ ಪುಸ್ತಕದಿಂದ. 12ರ ಜೀವಶಾಸ್ತ್ರದಾಗ ಐತಿ, ನೀಟ್ ಸಿಲೇಬಸ್ಸಿನ್ಯಾಗ ಐತಿ. ಮಗಳು ಡಾಕ್ಟರ್ ಆಗಬೇಕು ಅಂತೀರಿ, ಡಾರ್ವಿನ್ ಹೆಸರು ಕೇಳಬಾರದು ಅಂತೀರಿ. ವಿಜ್ಞಾನ ಏನು ಹೇಳ್ತೈತಿ ಅಂತ ಸರಿಯಾಗಿ ಕಲಸ್ರಿ, ನಿಮ್ಮ ನಂಬಿಕಿ ಏನು ಅಂತ ಬ್ಯಾರೆ ಹೇಳ್ರಿ. ಮುಚ್ಚಿಟ್ರ ಅವರು ಯೂಟ್ಯೂಬಿನ್ಯಾಗ ನೋಡ್ತಾರ.

ಸಂಕೇಶ್ವರ ಅಪ್ಪ: ನೀವು ವಿಶ್ವಾಸಿ ಹೌದೋ ಅಲ್ಲೋ ಅಂತ ಅನುಮಾನ ಬರಾಕತ್ತೈತಿ

ಟಿಳಕವಾಡಿ ತಾಯಿ: ಏನ್ರಿ ಇದು ಮಾತು? ಪುಕ್ಕಟೆ ಕುಂತು ಹೇಳಾಕತ್ತಾರ ಅವರು

ಸಂಕೇಶ್ವರ ಅಪ್ಪ: ಪುಕ್ಕಟೆ ಅಂತ ಏನರ ಹೇಳಬಹುದೇನು. ಲೋಕದಿಂದ ಮಕ್ಕಳನ್ನ ಉಳಸಾಕ ಸಾಲಿ ಬಿಡಿಸೇವಿ, ಇವರು ಮತ್ತ ಸರಕಾರಿ ಸಾಲಿಗೆ ಕಳಸ್ರಿ ಅಂತಾರ

ಬೈಲಹೊಂಗಲ ಅಪ್ಪ: ನನಗ ಹೇಳಿದ್ದು ಅದು, ನಿಮಗಲ್ಲ. ನಾ ಕೇಳಿದ್ದಕ್ಕ ಹೇಳ್ಯಾರ.

ಕ್ಯಾಂಪ್ ಅಂಕಲ್: ಆಜ್ಞೆ ಎಣಸಾಕ ಬರಂಗಿಲ್ಲ, ವಿಶ್ವಾಸ ಅಳಿತಾರ.

ಅಡ್ಮಿನ್: ಅಂಕಲ್ ಪ್ಲೀಸ್. ಸಂಕೇಶ್ವರ ಬ್ರದರ್ ನೀವೂ.

ಹುಕ್ಕೇರಿ ಅಕ್ಕ: ಅಕ್ಕೋರ ಮ್ಯಾಲ ಎಲ್ಲಿ? ಸಿಗವಲ್ದು. ಪಿಡಿಎಫ್ ಇದ್ರ ಕಳಸ್ರಿ

ಅಕ್ಕೋರು: ಟಿಳಕವಾಡಿ ತಾಯಿಗೆ ಬರದದ್ದು ಓದ್ರಿ. ಪಿಡಿಎಫ್ ಇಲ್ಲ.

ಗೋಕಾಕ ತಾಯಿ: ಅಕ್ಕೋರ, ನಾಳೆತನಕ ತಡಿಯಾಕ ಆಗಲಿಲ್ಲ, ಮಕ್ಕೊಳ್ಳೋ ಮೊದಲ ನಕ್ಕೋತ ಆಟದಂಗ ಕೇಳಿದೆ. ನಡುವಿನ ಶಬ್ದ ಒಂದೂ ಹೇಳಲಿಲ್ರಿ. ಮೊದಲಿಂದ ಶುರು ಮಾಡ್ತಾಳ.

ಅಕ್ಕೋರು: ಹೂಂ. ಮುಂಜಾನೆ ಹತ್ತರ ಮ್ಯಾಲೆ ನನಗ ಫೋನ್ ಹಚ್ರಿ, ನಂಬರ್ ಅಡ್ಮಿನ್ ಕಡೆ ಐತಿ. ಆಸ್ಪತ್ರೆಗೆ ಹೋಗಬೇಕಾದ್ರ ಆಕಿ ಹಳೇ ಸಾಲಿ ನೋಟ್‌ಬುಕ್, ತಾಯಿ ಕಾರ್ಡ್, ಆಧಾರ್ ತಗೊಂಡು ಹೋಗ್ರಿ. ಟೀಚರ್ ಕೆಂಪು ಗೆರಿ ಹೊಡದ ಪಾನ ಹರೀಬ್ಯಾಡ್ರಿ, ಡಾಕ್ಟರಿಗೆ ಅವ ಬೇಕು. ಮತ್ತ ಮುಂದಿನ ರವಿವಾರ ಸಭೆಯೊಳಗ ಆಕೀನ್ನ ಎಬ್ಬಿಸಿ ಓದಸಬ್ಯಾಡ್ರಿ.

ಅಡ್ಮಿನ್: ಅಕ್ಕೋರು ಹೊಂಟಾರ. ಗ್ರೂಪ್ ಮುಂಜಾನೆತನಕ ಬಂದ್ ಮಾಡಾಕತ್ತೀನಿ.

ವಿಜಯಪುರ ಬ್ರದರ್: ನಂದು ಉಳೀತಲ್ರಿ