50 ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ಮಾತಾಡಿಸೋದು ಹೇಗೆ?

ವಿಜ್ಞಾನ ಟೀಚರ್, ಯಶವಂತಪುರ:
ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಒಂದೇ ಕೋಣೆಯಲ್ಲಿ 50ಕ್ಕೂ ಜಾಸ್ತಿ ಮಕ್ಕಳು. ಉದ್ದನೆಯ ಭಾರದ ಬೆಂಚುಗಳು, ಸರಿಸೋಕೆ ಜಾಗವೇ ಇಲ್ಲ. ಪೀರಿಯಡ್ 40 ನಿಮಿಷ. ಪಾಠ ಮಗುವಿನ ಸುತ್ತ ನಡೆಯಬೇಕು ಅಂತ ತರಬೇತಿಯಲ್ಲಿ ಹೇಳುತ್ತಾರೆ. ನನಗೂ ಅದೇ ಬೇಕು. ಆದರೆ ಏನು ಕೇಳಿದರೂ ಮುಂದಿನ ಬೆಂಚಿನ ಅದೇ ನಾಲ್ಕು ಕೈ ಮೇಲೇಳುತ್ತವೆ. ಹಿಂದೆ ಕೂತವರು ವರ್ಷವಿಡೀ ಬಾಯಿ ಬಿಡದೆ ಒಂಬತ್ತಕ್ಕೆ ಹೋಗಿಬಿಡುತ್ತಾರೆ. ಇದು ನನ್ನನ್ನು ತುಂಬಾ ಕಾಡುತ್ತಿದೆ. ಇಂಥ ಕೋಣೆಯಲ್ಲೇ ಏನಾದರೂ ಮಾಡಿ ನೋಡಿದವರು ಹೇಳಿ.

ನಲಿ-ಕಲಿ ಟೀಚರ್, ಕೆಂಗೇರಿ:
ಬೆಂಚು ಅಲ್ಲೇ ಇರಲಿ. ಒಂದು ಬಿಟ್ಟು ಒಂದು ಸಾಲಿನವರು ಹಿಂದಕ್ಕೆ ತಿರುಗಿ ಕೂತರೆ ಗುಂಪು ಆಯಿತು.

ಅದಕ್ಕೂ ಮೊದಲು, ಪ್ರಶ್ನೆ ಕೇಳಿದ ಮೇಲೆ ಸುಮ್ನೆ ನಿಲ್ಲಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ತಜ್ಞೆ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನು ಅಳೆದಿದ್ದರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕಾಯೋದೇ ಹೆಚ್ಚು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಬೋರ್ಡಿನ ಮುಂದೆ ನಿಂತಾಗ ಆ ಮೂರು ಸೆಕೆಂಡು ಎಷ್ಟು ಉದ್ದ ಅನಿಸುತ್ತದೆ ಗೊತ್ತಾ! ಆದರೂ ಕಾಯಿರಿ. ಆಮೇಲೆ ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಲು ಬಿಡಿ. ಕೊನೆಗೆ ಹಿಂದಿನ ಬೆಂಚಿಗೆ ಹೋಗಿ, "ನಿನ್ನ ಪಕ್ಕದವಳು ಏನು ಹೇಳಿದಳು?" ಅಂತ ಕೇಳಿ. ತಪ್ಪಾದರೂ ಅದು ತನ್ನ ಉತ್ತರ ಅಲ್ವಲ್ಲ, ಹೆದರಿಕೆ ಅರ್ಧ ಇಳಿಯುತ್ತದೆ.

ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಅದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಅದರಲ್ಲಿ ಟೀಚರ್ ಒಂದು ಗುಂಪಿನ ಜೊತೆ ಕೂತಿರುವಾಗ ಇನ್ನೊಂದು ಗುಂಪು ಗೆಳೆಯರ ಸಹಾಯದಿಂದ ಕಲಿಯುತ್ತದೆ, ಮತ್ತೊಂದು ತಾನೇ ಕಲಿಯುತ್ತದೆ. ಎಲ್ಲರ ಹತ್ತಿರವೂ ಒಂದೇ ಹೊತ್ತಿಗೆ ಇರಬೇಕು ಅನ್ನೋ ಭಾರ ಇಳಿಸಿಬಿಡಿ. ಎಂಟನೇ ತರಗತಿಗೂ ಇದು ಸಲ್ಲುತ್ತದೆ.

ಗಣಿತ ಮೇಷ್ಟ್ರು, ಜಯನಗರ:
ಎಲ್ಲಾ ಪಾಠಕ್ಕೂ ಹೀಗೆ ಮಾಡಿದರೆ ಪೋರ್ಷನ್ ಮುಗಿಯಲ್ಲ. ಸೂತ್ರ, ವ್ಯಾಖ್ಯೆ ನೇರವಾಗಿ ಹೇಳಿಕೊಡೋದೇ ಒಳ್ಳೆಯದು. ಅದರಲ್ಲಿ ತಪ್ಪೇನಿಲ್ಲ.

ನಲಿ-ಕಲಿ ಟೀಚರ್, ಕೆಂಗೇರಿ:
ಒಪ್ಪುತ್ತೇನೆ ಸರ್. ಪಾಠಕ್ಕೆ ಒಂದು ಒಳ್ಳೆಯ ಪ್ರಶ್ನೆ ಸಾಕು. ಆದರೆ ಉತ್ತರ ಪುಸ್ತಕದ ಸಾಲಿನಲ್ಲಿ ಸಿಗಬಾರದು. ಘರ್ಷಣೆ ಪಾಠದಲ್ಲಿ "ಘರ್ಷಣೆ ಎಂದರೇನು?" ಅಂತ ಕೇಳಿದರೆ ಮತ್ತೆ ಅದೇ ನಾಲ್ಕು ಕೈ. "ಸವೆದ ಟೈರ್ ಮಳೆಯಲ್ಲಿ ಯಾಕೆ ಜಾರುತ್ತದೆ?" ಅಂತ ಕೇಳಿ ನೋಡಿ. ಪಂಕ್ಚರ್ ಅಂಗಡಿಯವರ ಮಗ ಹಿಂದೆ ಎಲ್ಲೋ ಕೂತಿರುತ್ತಾನೆ. ಟೈರಿನ ಗೀರುಗಳಲ್ಲಿ ನೀರು ಆಚೆ ಹೋಗುತ್ತದೆ ಅಂತ ಅವನು ಹೇಳಿದ ದಿನ, ಘರ್ಷಣೆಯ ವ್ಯಾಖ್ಯೆಯನ್ನು ನೀವೇ ಬೋರ್ಡ್ ಮೇಲೆ ಬರೆಯಿರಿ.

ವಿಜ್ಞಾನ ಟೀಚರ್, ಯಶವಂತಪುರ:
ನನ್ನ ತರಗತಿಯಲ್ಲೂ ಗ್ಯಾರೇಜಿನವರ ಮಕ್ಕಳಿದ್ದಾರೆ! ಸೋಮವಾರ ಘರ್ಷಣೆ ಪಾಠವೇ ಇದೆ. ಗದ್ದಲ ಜಾಸ್ತಿಯಾದರೆ ಏನು ಮಾಡುತ್ತೀರಿ?

ನಲಿ-ಕಲಿ ಟೀಚರ್, ಕೆಂಗೇರಿ:
ಕೈ ಎತ್ತಿ ನಿಲ್ಲುತ್ತೇನೆ. ನೋಡಿದವರು ತಾವೂ ಕೈ ಎತ್ತಿ ಮಾತು ನಿಲ್ಲಿಸಬೇಕು. ಮೊದಲ ವಾರ ನಿಧಾನ, ಆಮೇಲೆ ಅಭ್ಯಾಸವಾಗುತ್ತದೆ. ಪಕ್ಕದ ಕೋಣೆಯ ಟೀಚರ್‌ಗೆ ಮಾತ್ರ ಮುಂಚೆಯೇ ಹೇಳಿಡಿ.